ಹದಿಹರೆಯದ ಮನಸ್ಸಿಗೆ ಆಸರೆ ಯಾವುದು?

ಹತ್ತನೆಯ ತರಗತಿ ಮುಗಿದೊಡನೆ ಮಕ್ಕಳನ್ನು ದೂರದೂರಿನ ಪ್ರಸಾದ ನಿಲಯಕ್ಕೆ ಸೇರಿಸುವ ರೂಢಿ ನಮ್ಮ ಮನೆಗಳಲ್ಲಿ ಹಳೆಯದು. ಕಣ್ಣೆದುರಿಗಿಲ್ಲದ ಮಗುವಿನ ಮನಸ್ಸು ಗಟ್ಟಿಯಾಗಿ ಉಳಿದೀತೆ ಎಂಬ ಚಿಂತೆ ತಾಯಿತಂದೆಗಳಿಗೆ ಸಹಜ.

ಅಮೆರಿಕದಲ್ಲಿ 1994-95ರಲ್ಲಿ ಆರಂಭವಾದ ಹದಿಹರೆಯದವರ ಆರೋಗ್ಯದ ಬೃಹತ್ ಅಧ್ಯಯನವೊಂದು ಇಲ್ಲಿ ನೆನೆಯತಕ್ಕದ್ದು. 7ರಿಂದ 12ನೆಯ ತರಗತಿಯವರೆಗಿನ 12,118 ಮಕ್ಕಳ ಉತ್ತರಗಳನ್ನು ಮೈಕೆಲ್ ರೆಸ್ನಿಕ್ ಹಾಗೂ ಸಂಗಡಿಗರು ಪರಿಶೀಲಿಸಿ 1997ರಲ್ಲಿ ಪ್ರಕಟಿಸಿದರು. ಮನೆಯವರಿಗೆ ತಾನು ಬೇಕಾದವನೆಂಬ ಭಾವವಿದ್ದ ಮಕ್ಕಳಲ್ಲಿ ಮನೋವ್ಯಥೆ, ಆತ್ಮಹತ್ಯೆಯ ಯೋಚನೆ, ಹಿಂಸೆ, ಮಾದಕ ವಸ್ತುಗಳ ಸೇವನೆ ಎಲ್ಲವೂ ಕಡಿಮೆಯಿದ್ದವು. ಶಾಲೆ ತನ್ನದು, ಗುರುಗಳು ನ್ಯಾಯವಾಗಿ ನಡೆಸಿಕೊಳ್ಳುತ್ತಾರೆ ಎಂಬ ನಂಬಿಕೆಯೂ ಹಾಗೆಯೇ ಕಾಪಾಡಿತ್ತು. ಬೆಳಿಗ್ಗೆ ಏಳುವಾಗ, ಶಾಲೆಯಿಂದ ಮರಳಿದಾಗ, ಊಟಕ್ಕೆ, ಮಲಗುವ ಹೊತ್ತಿಗೆ ಹಿರಿಯರು ಮನೆಯಲ್ಲಿರುವುದೂ ಸಹಾಯಕವೇ. ಆದರೆ ಆಪ್ತಭಾವದಷ್ಟು ಪ್ರಬಲವಲ್ಲ.

ಒಂದೇ ಬಾರಿಯ ಸಂದರ್ಶನದಿಂದ ಕಾರಣ ಯಾವುದು, ಪರಿಣಾಮ ಯಾವುದು ಎಂದು ನಿರ್ಧರಿಸಲಾಗದು; ನೊಂದ ಮಗುವಿಗೆ ಮನೆಯೇ ದೂರವಾಗಿ ತೋರಲೂಬಹುದು. ಅಲ್ಲಿನ ಮಕ್ಕಳು ಮನೆಯಲ್ಲಿದ್ದವರೆಂಬುದನ್ನೂ ಮರೆಯಬಾರದು. ಆದರೂ ನಿಲಯಕ್ಕೆ ಭೇಟಿಯಿತ್ತ ಹಿರಿಯರ ಮೊದಲ ಪ್ರಶ್ನೆ ಅಂಕಗಳದ್ದೇ ಆಗಿರುವುದು (ಕೆಲವರಿಗೆ ಅದೇ ಕೊನೆಯದೂ ಹೌದು) ಸರಿಯೆನಿಸದು. ಪ್ರಸಾದ ರುಚಿಸುವುದೆ, ಜೊತೆಯ ಗೆಳೆಯ ಯಾರು, ಯಾವ ಗುರುಗಳ ಬಳಿ ಮನಬಿಚ್ಚಿ ಮಾತನಾಡುವೆ ಎಂದು ಕೇಳಿ, ಉತ್ತರ ಮುಗಿಯುವವರೆಗೆ ಸುಮ್ಮನಿರುವುದು ಮೇಲು.

ನಿದ್ರೆ, ಹಸಿವು ಎರಡು ವಾರ ಕೆಟ್ಟಿದ್ದರೆ ವೈದ್ಯರನ್ನು ಕಾಣಬೇಕು. ಸಾವಿನ ಮಾತು ಬಂದರಂತೂ ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ಕಾಣಬೇಕು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಶುಲ್ಕವಿಲ್ಲದೆ ಸಲಹೆ ದೊರೆಯುತ್ತದೆ.