ಉಪ್ಪುನೀರಿನ ಕೂಗು

ನಮ್ಮ ಊರು ತೆಲಸಂಗಕ್ಕೆ ಕಡಲು ದೂರ. ಆದರೂ ಗೋಕರ್ಣಕ್ಕೆ ಹೋದವರು ಸಮುದ್ರಸ್ನಾನ ಮಾಡದೆ ಮರಳುವುದು ಕಡಿಮೆ. ನೀರಿನಲ್ಲಿ ನೆನೆದು ತಣ್ಣಗಾದ ಬೆರಳಿನಿಂದ ಉಂಗುರ ಜಾರುತ್ತದೆ, ಅಲೆಯ ಹೊಡೆತಕ್ಕೆ ಸರದ ಕೊಂಡಿ ಬಿಚ್ಚಿಕೊಳ್ಳುತ್ತದೆ. ಆಗ ಮೆಟಲ್ ಡಿಟೆಕ್ಟರ್ ನೆನಪಾಗುತ್ತದೆ. ಒಣ ಮರಳಿನ ಮೇಲೆ ಸುಮ್ಮನಿದ್ದ ಯಂತ್ರ, ಅಲೆ ಬಂದು ಹೋದ ಹಸಿ ಮರಳಿಗೆ ಇಳಿದದ್ದೇ ತಡ, ಹೆಜ್ಜೆ ಹೆಜ್ಜೆಗೂ ಕೂಗುತ್ತದೆ. ಯಂತ್ರ ಕೆಟ್ಟಿತೆಂದು ಒಬ್ಬರು, ಕೆಳಗೆ ಬಹಳ ಲೋಹವಿದೆಯೆಂದು ಇನ್ನೊಬ್ಬರು. ಎರಡೂ ನಿಜವಲ್ಲ. ಯಂತ್ರ ಸರಿಯಾಗಿಯೇ ಇದೆ. ಅದು ಕಂಡದ್ದು ಉಪ್ಪುನೀರನ್ನು. ಇಂಥ ನೆಲದಲ್ಲಿ ಯಂತ್ರದ ಕಸುವನ್ನು, ಅಂದರೆ ಸೆನ್ಸಿಟಿವಿಟಿಯನ್ನು, ಏರಿಸಿದವರಿಗಿಂತ ತಗ್ಗಿಸಿದವರ ಕೈಗೇ ಕಳೆದದ್ದು ಸಿಗುವ ಸಾಧ್ಯತೆ ಹೆಚ್ಚು ಎಂಬುದು ನನ್ನ ವಾದ.

ಯಂತ್ರದ ತುದಿಯಲ್ಲಿರುವ ತಟ್ಟೆಯೊಳಗೆ ತಂತಿಯ ಸುರುಳಿ ಇದೆ. ಅದರಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ, ಅದರಿಂದ ಕಾಂತಕ್ಷೇತ್ರ ಏಳುತ್ತದೆ. ಆ ಕ್ಷೇತ್ರ ನೆಲದೊಳಗಿನ ಉಂಗುರಕ್ಕೆ ತಾಗಿದಾಗ ಉಂಗುರದಲ್ಲಿ ಸಣ್ಣ ಸುಳಿವಿದ್ಯುತ್ ಹುಟ್ಟುತ್ತದೆ. ಆ ಸುಳಿ ಹಿಂದಿರುಗಿಸುವ ಕ್ಷೇತ್ರವೇ ನಮ್ಮ ಕಿವಿಗೆ ಬೀಳುವ ದನಿ. ಹಾಗಾದರೆ ವಿದ್ಯುತ್ ಹರಿಯಬಲ್ಲ ಯಾವುದೇ ವಸ್ತು ದನಿ ಕೊಡಬಲ್ಲದು. ಒಣ ಉಪ್ಪಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಕರಗಿದ ಉಪ್ಪಿನಲ್ಲಿ ಹರಿಯುತ್ತದೆ. ಇದನ್ನು ಮನೆಯಲ್ಲೇ ನೋಡಬಹುದು. ಹತ್ತು ಲೀಟರ್ ಸಿಹಿನೀರು ತುಂಬಿದ, ಲೋಹದ ಹಿಡಿಕೆಯಿಲ್ಲದ ಪ್ಲಾಸ್ಟಿಕ್ ಬಕೆಟ್‌ನ ಮುಂದೆ ತಟ್ಟೆಯನ್ನು ಆಡಿಸಿದರೆ ಯಂತ್ರ ಸುಮ್ಮನಿರುತ್ತದೆ. ಅದೇ ನೀರಿಗೆ 350 ಗ್ರಾಂ ಅಡುಗೆ ಉಪ್ಪು ಕಲಸಿದರೆ ಹೆಚ್ಚುಕಡಿಮೆ ಕಡಲಿನಷ್ಟೇ ಉಪ್ಪಾಗುತ್ತದೆ. ಸೆನ್ಸಿಟಿವಿಟಿ ಪೂರ್ತಿ ಏರಿಸಿಟ್ಟ ಯಂತ್ರ ಈಗ ಗೊಣಗತೊಡಗುತ್ತದೆ. ತಾಮ್ರ ಕಡಲ ನೀರಿಗಿಂತ ಒಂದು ಕೋಟಿ ಪಟ್ಟಿಗೂ ಹೆಚ್ಚು ಚೆನ್ನಾಗಿ ವಿದ್ಯುತ್ತನ್ನು ಹರಿಸುತ್ತದೆ, ನೀರಿನದೇನು ಲೆಕ್ಕ ಎಂದು ಕೇಳಬಹುದು. ಲೆಕ್ಕ ಇರುವುದು ಗಾತ್ರದಲ್ಲಿ. ಉಂಗುರ ಮೂರು ನಾಲ್ಕು ಗ್ರಾಂ, ಅದೂ ಗೇಣುದ್ದ ಆಳದಲ್ಲಿ. ಹಸಿ ಮರಳೋ ತಟ್ಟೆಗೆ ಅಂಟಿಕೊಂಡೇ, ಬುಟ್ಟಿಗಟ್ಟಲೆ ಇದೆ.

ಸೆನ್ಸಿಟಿವಿಟಿ ತಗ್ಗಿಸಿದರೆ ಉಪ್ಪಿನ ದನಿಯ ಜೊತೆಗೆ ಉಂಗುರದ ದನಿಯೂ ತಗ್ಗುತ್ತದಲ್ಲ ಎಂಬುದು ಮೊದಲ ಆಕ್ಷೇಪ. ತಗ್ಗುತ್ತದೆ, ನಿಜ. ಆದರೆ ಎಷ್ಟು ಆಳ ಕಳೆದುಕೊಳ್ಳುತ್ತೇವೆ ಎಂದು ಲೆಕ್ಕ ಹಾಕಬೇಕು. ಕಾಂತಕ್ಷೇತ್ರ ದೂರ ಹೋದಂತೆ ಬಹಳ ಬೇಗ ಕ್ಷೀಣಿಸುತ್ತದೆ. ಉಂಗುರದಿಂದ ಹಿಂದಿರುಗುವಾಗ ಅಷ್ಟೇ ಬೇಗ ಮತ್ತೊಮ್ಮೆ ಕ್ಷೀಣಿಸುತ್ತದೆ. ಇದನ್ನೇ ತಿರುಗಿಸಿ ಓದಿದರೆ ಒಂದು ಸಮಾಧಾನವಿದೆ. 28 ಸೆಂಟಿಮೀಟರ್ ಅಗಲದ ತಟ್ಟೆಯಿಂದ 20 ಸೆಂಟಿಮೀಟರ್ ಆಳದಲ್ಲಿ ಸಿಗುತ್ತಿದ್ದ ಉಂಗುರ, ಕಸುವನ್ನು ಅರ್ಧಕ್ಕಿಳಿಸಿದರೂ ಸುಮಾರು 16-17 ಸೆಂಟಿಮೀಟರ್ ಆಳದವರೆಗೆ ಸಿಗುತ್ತದೆ. ಕಳೆದುಕೊಂಡದ್ದು ಎರಡು ಬೆರಳಗಲ. ಪಡೆದದ್ದು ದನಿಗಳನ್ನು ಬೇರೆ ಮಾಡಿ ಕೇಳಬಲ್ಲ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ತಟ್ಟೆ ಎಡದಿಂದ ಬಂದರೂ ಬಲದಿಂದ ಬಂದರೂ ಉಂಗುರ ಒಂದೇ ಜಾಗದಲ್ಲಿ ಚುರುಕಾಗಿ ಕೂಗುತ್ತದೆ. ಉಪ್ಪಿನ ದನಿ ಅಗಲವಾಗಿ, ಜಾಗ ಬದಲಿಸುತ್ತ ಬರುತ್ತದೆ. ತಟ್ಟೆ ಮೇಲೆ ಕೆಳಗೆ ಆಡಿದರೂ ಉಪ್ಪು ಕೂಗುವುದರಿಂದ ತಟ್ಟೆಯನ್ನು ಮರಳಿನಿಂದ ಒಂದೇ ಎತ್ತರದಲ್ಲಿ ಹಿಡಿಯಬೇಕು. ನೀರಿನ ಅಂಚಿಗೆ ಸಮನಾಗಿ ನಡೆದರೆ ಹಸಿ ಅಷ್ಟಾಗಿ ಬದಲಾಗದು. ನೀರಿನಿಂದ ದಂಡೆಗೆ, ದಂಡೆಯಿಂದ ನೀರಿಗೆ ನಡೆದರೆ ಪ್ರತಿ ಹೆಜ್ಜೆಗೂ ಬದಲಾಗುತ್ತದೆ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಹಲವು ಆವರ್ತನಗಳನ್ನು ಒಟ್ಟಿಗೆ ಬಳಸುವ ಯಂತ್ರಗಳು 1990ರ ದಶಕದಿಂದಲೇ ಬಂದಿವೆ, ಇನ್ನು ತಗ್ಗಿಸುವ ಮಾತೇಕೆ? ಅವು ನಿಜಕ್ಕೂ ಒಳ್ಳೆಯವು. ಆವರ್ತನ ಏರಿದಂತೆ ಉಪ್ಪಿನ ದನಿ ಏರುವ ರೀತಿ ಒಂದು, ದಪ್ಪ ಲೋಹದ ರೀತಿ ಬೇರೆ. ಎರಡು ಆವರ್ತನಗಳ ಉತ್ತರವನ್ನು ತಾಳೆ ನೋಡಿ ಉಪ್ಪಿನ ಪಾಲನ್ನು ಕಳೆಯಬಹುದು. ಮಿಡಿತದ ಯಂತ್ರಗಳು, ಅಂದರೆ ಪಲ್ಸ್ ಇಂಡಕ್ಷನ್, ಇನ್ನೂ ಸರಳ: ಮಿಡಿತ ನಿಂತ ಮೇಲೆ ಕೆಲವು ಮೈಕ್ರೋಸೆಕೆಂಡ್ ಕಾಯುತ್ತವೆ, ಅಷ್ಟರಲ್ಲಿ ನೀರಿನ ಸುಳಿ ಸತ್ತಿರುತ್ತದೆ. ಆದರೆ ಇಲ್ಲೇ ಬೆಲೆ ತೆರಬೇಕು. ತೆಳುವಾದ ಚಿನ್ನದ ಸುಳಿಯೂ ಬೇಗ ಸಾಯುತ್ತದೆ. ಹತ್ತು ಗ್ರಾಂನ ಎಳೆ ಸರ ಮೂರು ಗ್ರಾಂನ ಉಂಗುರಕ್ಕಿಂತ ಕಷ್ಟಕ್ಕೆ ಸಿಗುವುದು ಇದಕ್ಕೇ: ಸರದ ಒಂದೊಂದು ಕೊಂಡಿಯೂ ಬೇರೆ ಬೇರೆ, ಸುಳಿ ಆ ಪುಟ್ಟ ಕೊಂಡಿಯೊಳಗೇ ಸುತ್ತಿ ಮುಗಿಯುತ್ತದೆ. ಉಪ್ಪನ್ನು ಅಳಿಸುವ ಯಾವ ಉಪಾಯವೂ ಉಪ್ಪಿನಂತೆ ಕಾಣುವ ಎಳೆ ಸರವನ್ನೂ ಮೂಗುಬಟ್ಟನ್ನೂ ಒಂದಿಷ್ಟು ಅಳಿಸುತ್ತದೆ. ಏನೂ ತಪ್ಪಿಸಿಕೊಳ್ಳುವುದಿಲ್ಲ ಎಂದು ಹೇಳಿ ಮಾರುವವರನ್ನು ನಂಬಬಾರದು.

ಈ ಮಾತು ಕಡಲಿಗೆ ಮಾತ್ರ ಸೇರಿದ್ದಲ್ಲ. ಕಾಗವಾಡ, ಉಗಾರ, ರಾಯಬಾಗದ ಕಡೆ ಕಬ್ಬಿಗೆ ನೀರು ಹೆಚ್ಚಾಗಿ ಸವಳು ಬಿದ್ದ ಹೊಲಗಳಿವೆ. ಬೇಸಿಗೆಯಲ್ಲಿ ಅವುಗಳ ಮೇಲೆ ಬಿಳಿ ಹೊದಿಕೆ ಕಾಣುತ್ತದೆ. ಮಣ್ಣಿನ ರಸದ ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಆ ಮಣ್ಣನ್ನು ಸವಳೆಂದು ಎಣಿಸುತ್ತಾರೆ. ಕಡಲ ನೀರಿನದು 50ರ ಆಸುಪಾಸು. ಹತ್ತರಲ್ಲೊಂದು ಪಾಲೂ ಇಲ್ಲವೆಂದು ಕಡೆಗಣಿಸುವಂತಿಲ್ಲ, ಏಕೆಂದರೆ ನಮ್ಮ ಎರೆ ಮಣ್ಣು ಕಪ್ಪು ಕಲ್ಲು ಸವೆದು ಪುಡಿಯಾಗಿ ಆದದ್ದು. ಆ ಕಲ್ಲಿನಲ್ಲಿ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರಿನ ಕಣಗಳಿವೆ, ಅವೂ ಯಂತ್ರವನ್ನು ಕೆಣಕುತ್ತವೆ. ನೀರು ಹಾಯಿಸಿದ ಮರುದಿನ ಇಂಥ ಹೊಲದಲ್ಲಿ ಯಂತ್ರ ಕೂಗಿದರೆ ಅದನ್ನೇ ನಿಧಿಯ ಗುರುತೆಂದು ತೋರಿಸಿ ದುಡ್ಡು ಕೀಳುವುದು ಸುಲಭ. ಆ ಮಾತಿಗೆ ಮರುಳಾಗಿ ಪೂಜೆಗೆ, ಅಗೆತಕ್ಕೆ ಸಾಲ ಮಾಡುವ ಮನೆಯನ್ನು ನೆನೆದರೆ ಸಂಕಟವಾಗುತ್ತದೆ. ನಿಜಕ್ಕೂ ನಿಧಿ ಸಿಕ್ಕರೂ ಅದನ್ನು ಬಚ್ಚಿಡುವಂತಿಲ್ಲ. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆಯ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕು. ಕೂಗು ನೀರಿನದೋ ಲೋಹದ್ದೋ ಎಂದು ತಿಳಿಯಲು ಖರ್ಚಿಲ್ಲದ ದಾರಿಯಿದೆ. ಕೂಗಿದ ಜಾಗಕ್ಕೆ ಮರದ ಗೂಟ ನೆಟ್ಟು, ಮಣ್ಣು ಒಣಗಿ ಬಿರುಕು ಬಿಡುವವರೆಗೆ ಕಾದು, ಅದೇ ಯಂತ್ರವನ್ನು ಅದೇ ಎತ್ತರದಲ್ಲಿ ಮತ್ತೆ ಆಡಿಸಬೇಕು. ಉಂಗುರವಾಗಲಿ ನೇಗಿಲ ಕುಳವಾಗಲಿ ಆಗಲೂ ಗೂಟದ ಬುಡದಲ್ಲೇ ಕೂಗುತ್ತದೆ. ನೀರಾಗಿದ್ದರೆ ಆ ಹೊತ್ತಿಗೆ ಬಹುಪಾಲು ಆರಿಹೋಗಿರುತ್ತದೆ.