ಮೇಲಿನ ಕೋಣೆ ಕಂಪಿಸಿದಾಗ ಪೇಸ್‌ಮೇಕರ್

ಬೈಂದೂರು, ಕುಂದಾಪುರ, ಬ್ರಹ್ಮಾವರ ಸೀಮೆಯಲ್ಲಿ ನಾಡಿ ತೋರಿಸಲು ಬರುವ ಹಿರಿಯರ ಎದೆಯ ಮೇಲ್ಭಾಗದಲ್ಲಿ, ಚರ್ಮದ ಅಡಿಯಲ್ಲಿ ಪುಟ್ಟ ಉಬ್ಬು ಕಾಣುವುದು ಈಗ ಅಪರೂಪವಲ್ಲ. ಮಣಿಪಾಲದಲ್ಲೋ ಮಂಗಳೂರಿನಲ್ಲೋ ಅಳವಡಿಸಿಕೊಂಡು ಬಂದ ಪೇಸ್‌ಮೇಕರ್ ಅದು. ಇಂಥವರ ನಾಡಿ ಹಲವೊಮ್ಮೆ ಗಡಿಯಾರದಂತೆ ಸಮವಾಗಿರುತ್ತದೆ. ಆ ಸಮತೆಯನ್ನು ಕಂಡು ಹೃದಯವು ನಿರೋಗಿಯೆಂದು ನಿರ್ಣಯಿಸಲಾಗದು.

ಎರಡು ತಂತಿಗಳುಳ್ಳ ಪೇಸ್‌ಮೇಕರ್ ಹೃದಯದ ಮೇಲಿನ ಕೋಣೆಯಾದ ಹೃತ್ಕರ್ಣದ ಮಿಡಿತವನ್ನು ಆಲಿಸುತ್ತದೆ. ಅದರ ಬೆನ್ನಿಗೆ ಕೆಳಗಿನ ಹೃತ್ಕುಕ್ಷಿ ತಾನಾಗಿ ಮಿಡಿಯದಿದ್ದರೆ ಅದನ್ನು ಪ್ರಚೋದಿಸುತ್ತದೆ. ಮೆಟ್ಟಿಲು ಹತ್ತುವಾಗ ಮೇಲಿನದು ವೇಗಗೊಂಡರೆ ಕೆಳಗಿನದೂ ಹಿಂಬಾಲಿಸುತ್ತದೆ. ಆದರೆ ವೈದ್ಯರು ಏಟ್ರಿಯಲ್ ಫಿಬ್ರಿಲೇಷನ್ ಎನ್ನುವ ಕಂಪನ ಉಂಟಾದಾಗ ಹೃತ್ಕರ್ಣದ ವಿದ್ಯುತ್ ಸಂಕೇತಗಳು ನಿಮಿಷಕ್ಕೆ 350ನ್ನೂ ಮೀರುತ್ತವೆ. ಅವನ್ನು ಅನುಸರಿಸುತ್ತಲೇ ಹೋದರೆ ಹೃತ್ಕುಕ್ಷಿಯು ತನಗೆ ನಿಗದಿಯಾದ ಗರಿಷ್ಠ ಮಿತಿಯಲ್ಲಿ, ಅಂದರೆ ಸಾಮಾನ್ಯವಾಗಿ 120-130ರ ವೇಗದಲ್ಲಿ, ಗಂಟೆಗಟ್ಟಲೆ ಓಡಬೇಕಾದೀತು. ಆದಕಾರಣ ಯಂತ್ರವು ಮೇಲಿನ ಕೋಣೆಯ ಮಾತನ್ನು ಕೇಳುವುದನ್ನೇ ನಿಲ್ಲಿಸುತ್ತದೆ. ವೇಗವನ್ನು ಥಟ್ಟನೆ ಇಳಿಸದೆ, ಕ್ರಮೇಣ ತನ್ನದೇ ಗತಿಗೆ ತಂದು ಹೃತ್ಕುಕ್ಷಿಯನ್ನು ನಡೆಸುತ್ತದೆ. ಕಂಪನ ಶಮನವಾದೊಡನೆ ಮತ್ತೆ ಜೊತೆಗೂಡುತ್ತದೆ. ಇಂಥ ಪ್ರತಿಯೊಂದು ಪ್ರಸಂಗದ ದಿನಾಂಕ, ಅವಧಿಗಳು ಅದರ ಸ್ಮರಣೆಯಲ್ಲಿ ದಾಖಲಾಗುತ್ತವೆ. ರೋಗಿಗೆ ಮಾತ್ರ ಏನೂ ತಿಳಿಯದೆ ಇರಬಹುದು.

ಒಂದು ಮಿತಿಯುಂಟು. ಪೇಸ್‌ಮೇಕರ್ ಮಿಡಿತವನ್ನು ಕೊಡಬಲ್ಲದೇ ಹೊರತು ತಡೆಯಲಾರದು. ಹೃದಯದ ಸಹಜ ವಾಹಕ ಮಾರ್ಗವು ಚೆನ್ನಾಗಿಯೇ ಇರುವವರಲ್ಲಿ ಕಂಪನವು ಆ ದಾರಿಯಿಂದಲೇ ಕೆಳಗಿಳಿದು ನಾಡಿಯನ್ನು ಓಡಿಸಬಹುದು. ಅದಕ್ಕೆ ಔಷಧವೇ ಬೇಕು.

ಹೆಚ್ಚಿನ ಅಪಾಯವಿರುವುದು ಬೇರೆಡೆ. ಕಂಪಿಸುವ ಹೃತ್ಕರ್ಣದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಸಾಗಿದರೆ ಪಕ್ಷಾಘಾತ. ಯಂತ್ರದ ಗತಿಬದಲಾವಣೆ ಇದನ್ನು ತಪ್ಪಿಸದು. ಹೆಪ್ಪು ತಡೆಯುವ ಮಾತ್ರೆ ಬೇಕೇ ಎಂಬುದನ್ನು ಕಂಪನದ ಅವಧಿ, ವಯಸ್ಸು, ರಕ್ತದೊತ್ತಡ, ಮಧುಮೇಹ, ಹಿಂದೆ ಪಕ್ಷಾಘಾತವಾಗಿತ್ತೇ ಎಂಬುದನ್ನೆಲ್ಲ ನೋಡಿ ಹೃದ್ರೋಗತಜ್ಞರು ನಿರ್ಧರಿಸುತ್ತಾರೆ. ಆದುದರಿಂದ ಯಂತ್ರದ ತಪಾಸಣೆಗೆ ಹೇಳಿದ ದಿನ ಹೋಗಲೇಬೇಕು. ಬೈಂದೂರಿನಿಂದ ಮಣಿಪಾಲ ದೂರವೆಂಬುದು ನಿಜ. ಆದರೆ ಆ ದಾಖಲೆಯನ್ನು ಓದುವ ಉಪಕರಣ ನಾಡಿ ಹಿಡಿಯುವ ನನ್ನ ಬಳಿಯಿಲ್ಲ.

ಅರ್ಜುನ ಚೂರ್ಣ ಸೇವಿಸುತ್ತೇನೆಂದು ಆ ಮಾತ್ರೆಯನ್ನು ಬಿಡತಕ್ಕದ್ದಲ್ಲ. ಬೆಳ್ಳುಳ್ಳಿಯ ಔಷಧಕಲ್ಪಗಳು ಮಾತ್ರೆಯೊಡನೆ ಸೇರಿ ರಕ್ತಸ್ರಾವಕ್ಕೆ ಕಾರಣವಾಗಬಹುದು. ವೈದ್ಯರಿಗೆ ತಿಳಿಸಿಯೇ ಸೇವಿಸಬೇಕು. ವಾರ್ಫರಿನ್ ತೆಗೆದುಕೊಳ್ಳುವವರು ನಮ್ಮ ಬಸಳೆ, ಹರಿವೆಗಳನ್ನು ತ್ಯಜಿಸಬೇಕಿಲ್ಲ. ಒಂದು ವಾರ ನಿತ್ಯವೂ ಉಂಡು ಮರುವಾರ ಪೂರ್ಣ ಬಿಡುವ ಏರಿಳಿತ ಮಾತ್ರ ಬೇಡ.