ಯುವಯೋಧ, ಮದ್ಯ, ಹೊಡೆದಾಟ: ನಾವು ನಂಬಿರುವುದು ಮತ್ತು ನಿಜವಿರುವುದು

“ಯುದ್ಧ ಕಂಡು ಬಂದವನು ಕುಡಿಯದೆ ಇರ್ತಾನಾ? ಕುಡಿದ ಮೇಲೆ ಕೈ ಸುಮ್ಮನಿರುತ್ತಾ?” ರಜೆಗೆ ಬಂದ ಯೋಧ ಗಲಾಟೆ ಮಾಡಿಕೊಂಡಾಗ ಅರಳಿಕಟ್ಟೆಯಲ್ಲಿ ಕೇಳುವ ಮಾತು. ಕನಿಕರದ್ದೇ, ಆದರೆ ಪೂರ್ತಿ ನಿಜವಲ್ಲ.

ಇದನ್ನು ಆಳವಾಗಿ ಕೆದಕಿದ್ದು ಬ್ರಿಟನ್. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಸುಮಾರು 14,000 ಸೈನಿಕರ ಮಾಹಿತಿಯನ್ನು ಪೊಲೀಸ್ ದಾಖಲೆಗಳೊಂದಿಗೆ ತಾಳೆ ನೋಡಿ, 2013ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 30 ವರ್ಷದೊಳಗಿನ ಗಂಡು ಸೈನಿಕರಲ್ಲಿ ಶೇ 20.6 ಮಂದಿಯ ಮೇಲೆ ಹಿಂಸೆಯ ಅಪರಾಧ ದಾಖಲಾಗಿತ್ತು. ಅದೇ ವಯಸ್ಸಿನ ನಾಗರಿಕರಲ್ಲಿ ಶೇ 6.7. ಇಷ್ಟಕ್ಕೇ ನಿಲ್ಲಿಸಿದರೆ ಕಟ್ಟೆಯ ಮಾತೇ ಗೆದ್ದಂತೆ. ಆದರೆ ಇರಾಕ್, ಅಫ್ಗಾನಿಸ್ತಾನಗಳಿಗೆ ಹೋಗಿಬಂದದ್ದೇ ಕಾರಣ ಎನ್ನಲು ಆಧಾರ ಸಿಗಲಿಲ್ಲ. ನೇರ ಕಾಳಗದಲ್ಲಿದ್ದವರು, ಸೇನೆ ಸೇರುವ ಮೊದಲೇ ಹೊಡೆದಾಡಿದ್ದವರು, ಆಘಾತದಿಂದ ಮನಸ್ಸು ಚೇತರಿಸಿಕೊಳ್ಳದವರು, ಮರಳಿದ ಮೇಲೆ ಮಿತಿಮೀರಿ ಕುಡಿಯುತ್ತಿದ್ದವರು, ಇವರಲ್ಲಿ ಅಪಾಯ ಹೆಚ್ಚಿತ್ತು. ಕಳೆದುಹೋದ ಬಾಲ್ಯವನ್ನೋ ಕಾಳಗವನ್ನೋ ಬದಲಿಸಲಾಗದು. ಕುಡಿತಕ್ಕೆ ಮಾತ್ರ ಇವತ್ತೇ ಚಿಕಿತ್ಸೆ ಶುರುಮಾಡಬಹುದು.

“ಸೈನ್ಯದಲ್ಲಿ ಕುಡಿತಕ್ಕೆ ಕೇಳೋರಿಲ್ಲ” ಎಂಬುದೂ ಸುಳ್ಳು. ನಮ್ಮ ದೇಶದ 1950ರ ಸೇನಾ ಕಾಯ್ದೆಯ 48ನೇ ಸೆಕ್ಷನ್ ಪ್ರಕಾರ, ಕರ್ತವ್ಯದಲ್ಲಿರಲಿ ಇಲ್ಲದಿರಲಿ, ಅಮಲೇರಿದ ಸ್ಥಿತಿಯಲ್ಲಿ ಸಿಕ್ಕಿಬೀಳುವುದು ಅಪರಾಧ. ಚಳಿಗೆ ರಮ್ ಬೇಕೆನ್ನುತ್ತಾರೆ. ಕುಡಿದಾಗ ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ ಬೆಚ್ಚಗೆನಿಸುತ್ತದೆ ನಿಜ, ಆದರೆ ಒಡಲಿನ ಶಾಖ ಹೊರಹೋಗುತ್ತದೆ. ಹಿಮದಲ್ಲಿ ಅದು ಪ್ರಾಣಕ್ಕೇ ಕುತ್ತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟ ನಂಬಿಕೆ ಇದು: “ಎಷ್ಟು ಹಾಕಿದರೂ ತೂರಾಡಲ್ಲ, ಗಟ್ಟಿ ಆಳು.” ಮೊದಲು ಎರಡು ಪೆಗ್ಗಿಗೆ ಏರುತ್ತಿದ್ದ ಅಮಲಿಗೆ ಈಗ ಆರು ಬೇಕೆಂದರೆ ದೇಹ ಮದ್ಯಕ್ಕೆ ಒಗ್ಗಿಹೋಗಿದೆ ಎಂದರ್ಥ. ಬೆಳಿಗ್ಗೆ ಕಾಫಿ ಲೋಟ ಹಿಡಿದ ಕೈ ನಡುಗಿ, ಒಂದು ಗುಟುಕು ಮದ್ಯ ಇಳಿದ ಮೇಲೆ ನಡುಕ ನಿಂತರೆ, ಅದು ವ್ಯಸನದ ಸ್ಪಷ್ಟ ಲಕ್ಷಣ. ಆಗ “ಗಂಡಸಾದರೆ ಇವತ್ತೇ ಬಿಡು” ಎಂದು ಹಟ ಹಿಡಿಯಬೇಡಿ. ಅಂಥವರು ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು. ವೈದ್ಯರ ನಿಗಾದಲ್ಲೇ ಬಿಡಿಸಬೇಕು.

ಮಗನ ನೌಕರಿಗೆ ಕುತ್ತು ಬಂದೀತೆಂದು ಮನೆಯವರು ಮುಚ್ಚಿಡುತ್ತಾರೆ. ಮುಚ್ಚಿಟ್ಟಷ್ಟೂ ಕಾಯಿಲೆ ಬಲಿಯುತ್ತದೆ. ದಯವಿಟ್ಟು ಅವನ ರಜೆ ಮುಗಿಯುವುದರೊಳಗೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.